ಬೆರಳು ಹೊಲಿದುಕೊಂಡವನ ಸ್ವಂತ ಪರಿಚಯ

ನಾನು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಇಷ್ಟು ಹೇಳಿ ಸುಮ್ಮನಾಗಿದ್ದರೆ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಆದರೆ ನಮ್ಮ ಅಂಗಡಿಯ ವೆಬ್‌ಸೈಟನ್ನು ಹೊಸದಾಗಿ ಮಾಡುವ ಹೊತ್ತಿಗೆ ನಾದಿನಿ, "ಭಾವ, ನಿಮ್ಮ ಬಗ್ಗೆ ಒಂದು ನಾಲ್ಕು ಸಾಲು ಬರ್ಕೊಡಿ" ಅಂದಳು. ನಾಲ್ಕು ಸಾಲು ಎಂದರೆ ನಾಲ್ಕು ಸಾಲು ಎಂದು ತಿಳಿದುಕೊಳ್ಳುವಷ್ಟು ಬುದ್ಧಿ ನನಗಿದ್ದಿದ್ದರೆ ನಾನು ಬೇರೆಯೇ ಮನುಷ್ಯನಾಗಿರುತ್ತಿದ್ದೆ.

ನಾನು ಹುಟ್ಟಿದ ದಿನದಿಂದ ಶುರು ಹಚ್ಚಿಕೊಂಡೆ. ಬಾಲ್ಯದಲ್ಲೇ ಮನೆಯ ಗೋಡೆ ಗಡಿಯಾರ ಬಿಚ್ಚಿದ್ದನ್ನು ಬರೆದೆ, ಮತ್ತೆ ಜೋಡಿಸಲಾಗದೆ ಅಪ್ಪನ ಕೈಲಿ ಏಟು ತಿಂದದ್ದನ್ನು ಬಿಟ್ಟೆ. "ಯಂತ್ರಗಳ ಮನಸ್ಸನ್ನು ಬಲ್ಲವರು" ಎಂದು ಬರೆದೆ. ಹೌದು, ನನ್ನನ್ನು ನಾನೇ ಬಹುವಚನದಲ್ಲಿ ಕರೆದುಕೊಂಡೆ, ಬೇರೆ ಯಾರೂ ಕರೆಯದಿದ್ದಾಗ ಇನ್ನೇನು ಮಾಡುವುದು? ಜೊತೆಗೊಂದು ಫೋಟೋ. ಇಸ್ತ್ರಿ ಮಾಡಿದ ಅಂಗಿ, ಎದೆಯ ಮೇಲೆ ಕಟ್ಟಿದ ಕೈ, ದೂರದ ಯಾವುದೋ ಸತ್ಯವನ್ನು ನೋಡುತ್ತಿರುವ ದೃಷ್ಟಿ. ದೂರದಲ್ಲಿ ಇದ್ದದ್ದು ಫ್ಯಾನಿನ ಸ್ವಿಚ್ಚು.

ಕೈ ಕಟ್ಟಿದ್ದಕ್ಕೂ ಕಾರಣವಿತ್ತು. ನನ್ನ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿದೆ. ಅದು ಕಾಣಬಾರದೆಂದು ಕಂಕುಳಲ್ಲಿ ಅಡಗಿಸಿದ್ದೆ.

ನಮ್ಮ ಅಂಗಡಿ ನೆಲಮಾಳಿಗೆಯಲ್ಲಿದೆ. ಮೇಲೆ ಪರದೆ ಬಟ್ಟೆಯ ಅಂಗಡಿ, ಅದರ ಮಗ್ಗುಲಲ್ಲಿ ಒಂದು ಕಿರಿದಾದ ಮೆಟ್ಟಿಲು, ಇಳಿದರೆ ನಾವು. ಬೀದಿಯಲ್ಲಿ ಹೋಗುವವರಿಗೆ ನಮ್ಮ ಬೋರ್ಡು ಕಾಣುವುದಿಲ್ಲ. ನಮ್ಮ ಕಿಟಕಿಯಿಂದ ನಮಗೂ ಅವರ ಚಪ್ಪಲಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ದಾರಿಹೋಕರು ತಾವಾಗಿ ಇಳಿದು ಬಂದದ್ದು ನನಗೆ ನೆನಪಿಲ್ಲ, ಮಳೆ ಬಂದಾಗ ನಿಲ್ಲಲು ಬಂದವರನ್ನು ಬಿಟ್ಟು. ಯಂತ್ರ ಕೆಟ್ಟವರು ಫೋನಿನಲ್ಲಿ ಹುಡುಕುತ್ತಾರೆ, ನಮ್ಮ ವೆಬ್‌ಸೈಟು ಸಿಗುತ್ತದೆ, ಅದರಲ್ಲಿರುವ ನಂಬರಿಗೆ ಕರೆ ಮಾಡುತ್ತಾರೆ, ಆಮೇಲೆ ಯಂತ್ರ ಹೊತ್ತು ಮೆಟ್ಟಿಲಿಳಿಯುತ್ತಾರೆ. ನಮ್ಮ ಅನ್ನದ ದಾರಿ ಇದೊಂದೇ.

ಕರೆ ತೆಗೆಯುವುದು ನನ್ನ ಹೆಂಡತಿ. ಮೊದಲು ಒಂದು ಶಾಲೆಯ ಆಫೀಸಿನಲ್ಲಿ ಕೆಲಸದಲ್ಲಿದ್ದಳು, ಆಮೇಲೆ ಅದನ್ನು ಬಿಟ್ಟು ಅಂಗಡಿಗೆ ಬಂದು ಕೂತಳು. "ಅಲ್ಲಿ ಬೇಜಾರಾಯ್ತಂತೆ, ಇಲ್ಲೇ ಒಂದು ಕುರ್ಚಿ ಹಾಕ್ಕೊಟ್ಟೆ" ಎಂದು ನಾನು ಬಂದವರಿಗೆಲ್ಲ ದೊಡ್ಡ ಮನಸ್ಸಿನವನ ಹಾಗೆ ಹೇಳುತ್ತಿದ್ದೆ. ಫೋನು ರಿಂಗಾದ ಕೂಡಲೇ ಅವಳು ನನ್ನ ಕಡೆ ನೋಡದೆಯೇ, "ರೀ, ನೀವು ಸೂಜಿ ನೋಡಿ" ಅನ್ನುತ್ತಾಳೆ. ಪ್ರತಿ ಸಲ. ಅಂಗಡಿಯ ಯಜಮಾನನಿಗೆ ಗಿರಾಕಿಯೆದುರು ಹೀಗೆ ಅಪ್ಪಣೆ ಕೊಡುವುದುಂಟೇ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಕುದಿಯುತ್ತ ಸೂಜಿ ನೋಡುತ್ತಿದ್ದೆ.

ಹಳೆಯ ವೆಬ್‌ಸೈಟೂ ಅವಳದೇ. ಗಿರಾಕಿಗಳು ಫೋನಿನಲ್ಲಿ ಹೇಗೆ ಗೋಳಾಡುತ್ತಾರೋ ಅದನ್ನೇ ತಲೆಬರಹ ಮಾಡಿ ಅವಳು ಒಂದೊಂದು ಪುಟ ಬರೆದಿದ್ದಳು. "ಮೇಲೆ ಹೊಲಿಗೆ ಚೆನ್ನಾಗಿದೆ, ಕೆಳಗೆ ದಾರ ಗೋಜಲು." "ಪೆಡಲ್ ತುಳಿದರೆ ಸದ್ದು ಮಾತ್ರ ಬರುತ್ತೆ." ಕೆಳಗೆ ಏನು ಮಾಡಬೇಕೆಂದು ಸರಳವಾಗಿ ಬರೆದಿರುತ್ತಿದ್ದಳು, ಮಾಡಿದರೂ ಸರಿಹೋಗದಿದ್ದರೆ ನಮ್ಮ ನಂಬರು. ಇವುಗಳ ಮಧ್ಯೆ ಒಂದು ಪುಟ ಮಾತ್ರ ನನ್ನ ಪಾಲಿಗೆ ಕಣ್ಣಲ್ಲಿ ಬಿದ್ದ ಕಸವಾಗಿತ್ತು. ಅದರ ತಲೆಬರಹ, "ನಮ್ಮ ಯಜಮಾನರು ಬೆರಳು ಹೊಲಿದುಕೊಂಡ ದಿನ".

ನಡೆದದ್ದು ನಿಜ. ಒಂದು ಯಂತ್ರವನ್ನು ಓಡಿಸಿ ನೋಡುತ್ತಿದ್ದಾಗ ಸೂಜಿ ನನ್ನ ತೋರುಬೆರಳಿನೊಳಗೆ ಇಳಿಯಿತು. ಆ ಪುಟದ ಮೊದಲಲ್ಲಿ ಅವಳು ಕೆಲಸದ ಮಾತನ್ನೇ ಬರೆದಿದ್ದಾಳೆ: ಹೀಗಾದರೆ ಮೊದಲು ಪೆಡಲಿನಿಂದ ಕಾಲು ತೆಗೆಯಿರಿ, ಪ್ಲಗ್ ಕೀಳಿರಿ, ಸೂಜಿ ಮುರಿದಿದ್ದರೆ ಚೂರನ್ನು ಕೆದಕಬೇಡಿ, ಆಸ್ಪತ್ರೆಗೆ ಹೋಗಿ. ಆಮೇಲೆ ನನ್ನ ಕಥೆ. ನಾನು ಕಿರುಚಿದ್ದಕ್ಕೆ ಪರದೆ ಅಂಗಡಿಯವರು ಬೆಂಕಿ ಬಿತ್ತೆಂದು ಬಕೆಟ್ ನೀರಿನೊಂದಿಗೆ ಇಳಿದದ್ದು. ಆಸ್ಪತ್ರೆಯಲ್ಲಿ ನರ್ಸಮ್ಮ ಬೆರಳು ಮುಟ್ಟಿದಾಗ ನಾನು, "ಹುಷಾರು ಸಿಸ್ಟರ್, ಒಳ್ಳೇ ಸೂಜಿ ಅದು, ಬಗ್ಗಿಸಬೇಡಿ" ಎಂದದ್ದು. ಹೇಳಿ ಮುಗಿಸಿದವನೇ ಮೂರ್ಛೆ ಹೋದದ್ದು. ನಾನು ಓದಿದ್ದು ಮೂರ್ಛೆಯವರೆಗೆ. ಅಲ್ಲಿಗೇ ಮೈಯೆಲ್ಲ ಉರಿದು ಮುಚ್ಚಿಬಿಟ್ಟಿದ್ದೆ. ಆದರೆ ನಮ್ಮ ಗಿರಾಕಿಗಳೆಲ್ಲ ಓದಿದ್ದರು. ಯಂತ್ರ ಇಳಿಸಿದ ಕೂಡಲೇ ಅವರ ಕಣ್ಣು ನನ್ನ ಮುಖಕ್ಕಿಂತ ಮೊದಲು ನನ್ನ ಎಡಗೈಗೆ ಹೋಗುತ್ತಿತ್ತು.

ಈ ವೆಬ್‌ಸೈಟು ಹಳತಾಗಿತ್ತು. ಫೋನಿನಲ್ಲಿ ತೆರೆದರೆ ಅಕ್ಷರಗಳು ಇರುವೆ ಸಾಲಿನ ಹಾಗೆ ಕಾಣುತ್ತಿದ್ದವು. ನಾದಿನಿಗೆ ಇದೇ ಕೆಲಸ, ದೊಡ್ಡ ದೊಡ್ಡ ಕಂಪನಿಗಳ ಹಳೆ ವೆಬ್‌ಸೈಟನ್ನು ಹೊಸದಕ್ಕೆ ಸಾಗಿಸುವುದು. ಮನೆಯವರದೆಂದು ರಜೆ ಹಾಕಿ ಬಂದು ನಮ್ಮದನ್ನೂ ಮಾಡಿಕೊಡುತ್ತೇನೆಂದು ಅಂಗಡಿಯಲ್ಲಿ ಕೂತಳು. ನಾವು ಅವಳನ್ನು ಪುಟ್ಟಿ ಅನ್ನುತ್ತೇವೆ. ಪುಟ್ಟಿ ತಮಾಷೆಯ ಹುಡುಗಿ, ಆದರೆ ಕೆಲಸದ ವಿಷಯದಲ್ಲಿ ಕಟ್ಟುನಿಟ್ಟು.

"ಭಾವ, ಚೆಂದ ಮಾಡೋದು ಸುಲಭ" ಅಂದಳು ಮೊದಲ ದಿನವೇ. "ಈಗ ಜನ ಹುಡುಕಿದ್ರೆ ನೀವು ಮೇಲೆ ಬರ್ತಿದೀರಲ್ಲ, ಅದನ್ನ ಉಳಿಸ್ಕೊಳ್ಳೋದು ಕಷ್ಟ. ಹಳೇ ಪೇಜಿನ ವಿಳಾಸ ಒಂದೂ ಸಾಯಬಾರದು. ಹಳೇ ವಿಳಾಸಕ್ಕೆ ಬಂದೋರು ತಾನಾಗೇ ಹೊಸ ಪೇಜಿಗೆ ಹೋಗ್ಬೇಕು, ಅಲ್ಲಿ ಅವರು ಕೇಳಿದ್ದೇ ಇರ್ಬೇಕು."

ಒಂದೊಂದೇ ಪುಟ ತೆರೆದು ನನ್ನನ್ನು ಕೇಳುತ್ತ ಹೋದಳು. ದಾರ ಗೋಜಲು ಇರಲಿ ಅಂದೆ. ಪೆಡಲ್ ಸದ್ದು ಇರಲಿ ಅಂದೆ. ಬೆರಳಿನ ಪುಟ ಬಂತು. ಹೆಂಡತಿ ಆಗ ಊಟದ ಡಬ್ಬಿ ತೊಳೆಯಲು ಹಿಂದೆ ಹೋಗಿದ್ದಳು.

"ಇದು ಬೇಡ" ಅಂದೆ.

ಪುಟ್ಟಿ ನನ್ನ ಮುಖ ನೋಡಿದಳು. "ಭಾವ, ನಿಮ್ಮ ಸೈಟಿಗೆ ಬರೋರಲ್ಲಿ ಮುಕ್ಕಾಲು ಪಾಲು ಇದರಿಂದ್ಲೇ ಬರೋದು. ಹೊಲಿಗೆ ಕಲಿಸೋ ಟೀಚರುಗಳು, ನರ್ಸುಗಳು, ಎಲ್ಲಾರೂ ಲಿಂಕ್ ಹಾಕಿರೋದು ಇದೊಂದಕ್ಕೇ. ಇದರ ಬಲದ ಮೇಲೇನೇ ಮಿಕ್ಕ ಪೇಜುಗಳೂ ಮೇಲಿವೆ. ಇದನ್ನ ತೆಗೆದ್ರೆ ಎಲ್ಲಾ ಒಟ್ಟಿಗೆ ಇಳಿಯುತ್ತೆ."

"ರಿಪೇರಿಯವನಿಗೆ ಮರ್ಯಾದೆ ಮುಖ್ಯ ಕಣೇ."

"ಅಕ್ಕನ್ನ ಕೇಳಿದ್ರಾ?"

"ಕೇಳಿದೀನಿ" ಅಂದೆ. ಕೇಳಿರಲಿಲ್ಲ. ಸುಳ್ಳು ಹೇಳುವಾಗ ನನ್ನ ದನಿ ಗಂಭೀರವಾಗುತ್ತದೆ, ಅದರಿಂದಾಗಿ ನಿಜ ಹೇಳಿದಾಗಲೇ ಜನ ನನ್ನನ್ನು ಅನುಮಾನಿಸುವುದು.

"ಸರಿ, ಅಂಗಡಿ ನಿಮ್ದು. ಆದ್ರೆ ಈ ವಿಳಾಸಕ್ಕೆ ಬಂದೋರನ್ನ ಎಲ್ಲಿಗೆ ಕಳಿಸ್ಲಿ? ಎಲ್ಲಾದ್ರೂ ಕಳಿಸ್ಲೇಬೇಕಲ್ಲ."

ನನಗೆ ಕೂಡಲೇ ಹೊಳೆಯಿತು. ಹೊಳೆಯಬಾರದ್ದು ನನಗೆ ಕೂಡಲೇ ಹೊಳೆಯುತ್ತದೆ. "ನನ್ನ ಬಗ್ಗೆ ಬರ್ದಿದೀನಲ್ಲ, ಆ ಪೇಜಿಗೆ ಕಳ್ಸು."

ನಾನು ಬಿಗಿಯಾಗಿ ಕೂತೆ. ಪುಟ್ಟಿ ಹಾಗೆಯೇ ಮಾಡಿದಳು. ಅಂದಿನಿಂದ, ಎಲ್ಲೋ ಯಾರೋ ಬೆರಳಲ್ಲಿ ಸೂಜಿ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಏನು ಮಾಡಲಿ ಎಂದು ಹುಡುಕಿದರೆ, ಅವರಿಗೆ ಕೈ ಕಟ್ಟಿ ನಿಂತ ನನ್ನ ಫೋಟೋ ಸಿಗುತ್ತಿತ್ತು. ಕೆಳಗೆ ನನ್ನ ಬಾಲ್ಯ.

ಹೊಸ ವೆಬ್‌ಸೈಟು ಬಂತು. ನೋಡಲು ಚೆನ್ನಾಗಿತ್ತು. ನನ್ನ ಫೋಟೋ ಇನ್ನೂ ಚೆನ್ನಾಗಿತ್ತು. ತನ್ನ ಪುಟಗಳೆಲ್ಲ ಹಾಗೇ ಬಂದಿವೆಯೆಂದು ನಂಬಿ ಹೆಂಡತಿ ಒಂದೊಂದನ್ನೂ ತೆರೆದು ನೋಡಲಿಲ್ಲ. ಬೆಳಿಗ್ಗೆ ಎದ್ದು ಅಂಗಡಿಯ ಹೆಸರು ಹೊಡೆದು ಹುಡುಕುವುದು ನನ್ನ ಅಭ್ಯಾಸವಾಯಿತು. ನಾವೇ ಮೊದಲು ಬರುತ್ತಿದ್ದೆವು. ಅಣ್ಣನ ಮನೆಗೆ ಹೋದಾಗ ಅವನ ಫೋನು ಕಿತ್ತುಕೊಂಡು ಅದರಲ್ಲೂ ಹುಡುಕಿ ತೋರಿಸಿದೆ, ಮೊದಲು. ಹಲ್ಲಿನ ಡಾಕ್ಟರ ಬಳಿ ಬಾಯಿ ತೆರೆಯುವ ಮೊದಲು ಅವರ ಫೋನಿನಲ್ಲೂ ತೋರಿಸಿದೆ, ಮೊದಲು. "ಒಳ್ಳೇದು, ಬಾಯಿ ತೆಗೀರಿ" ಅಂದರು.

ಇತ್ತ ಅಂಗಡಿಯಲ್ಲಿ ಫೋನು ಕಡಿಮೆಯಾಗುತ್ತ ಬಂತು. ಮೊದಲು ನಾನು ಗಮನಿಸಲಿಲ್ಲ. ಕೆಲಸ ಕಡಿಮೆಯಾದದ್ದು ತಿಳಿದಾಗ ಬಿಸಿಲು ಅಂದೆ. ಬಿಸಿಲು ಹೋಗಿ ಮೋಡ ಬಂದಾಗ ಮೋಡ ಅಂದೆ. ಈಗಿನವರು ಎಲ್ಲಿ ಹೊಲಿಯುತ್ತಾರೆ, ಹರಿದರೆ ಬಿಸಾಕುತ್ತಾರೆ, ಕಾಲ ಕೆಟ್ಟಿದೆ ಎಂದು ಹೆಂಡತಿಗೆ ಉಪದೇಶ ಮಾಡಿದೆ. ಕಾಲದ ಮೇಲೆ ಗೂಬೆ ಕೂರಿಸುವುದರಲ್ಲಿ ನಾನು ನಿಸ್ಸೀಮ.

ಪುಟ್ಟಿ ಒಮ್ಮೆ ಫೋನು ಮಾಡಿದಳು. "ಭಾವ, ಇಳೀತಿದೆ. ಆ ಪೇಜು ವಾಪಸ್ ಹಾಕೋಣ."

"ಎಲ್ಲಿ ಇಳೀತಿದೆ? ನಾನು ದಿನಾ ನೋಡ್ತೀನಿ, ನಮ್ಮದೇ ಫಸ್ಟು."

"ಏನು ಹೊಡೆದು ನೋಡ್ತೀರ?"

"ಅಂಗಡಿ ಹೆಸರು."

"ಭಾವ, ಅಂಗಡಿ ಹೆಸರು ಗೊತ್ತಿರೋರು ನಿಮ್ಮನ್ನ ಯಾಕೆ ಹುಡುಕ್ತಾರೆ? ಹೆಸರು ಗೊತ್ತಿಲ್ಲದೋರಿಗೆ ನೀವು ಸಿಗ್ಬೇಕು."

ನನಗೆ ಅರ್ಥವಾಯಿತು. ಅರ್ಥವಾದದ್ದನ್ನು ಒಪ್ಪಿಕೊಳ್ಳುವುದು ಬೇರೆ ಕೆಲಸ, ಅದಕ್ಕೆ ನನಗೆ ಪುರಸೊತ್ತಿರಲಿಲ್ಲ. "ನೋಡೋಣ ಬಿಡು" ಎಂದು ಇಟ್ಟೆ.

ಹೆಂಡತಿ ಫೋನಿನ ಪಕ್ಕ ಕೂತೇ ಇರುತ್ತಿದ್ದಳು. ಡಬ್ಬಿಗಳಲ್ಲಿದ್ದ ಸೂಜಿಗಳನ್ನೆಲ್ಲ ಒಂದು ಸಲ ವಿಂಗಡಿಸಿದಳು, ಮತ್ತೊಂದು ಸಲ ವಿಂಗಡಿಸಿದಳು. ಫೋನು ಸರಿ ಇದೆಯೋ ಇಲ್ಲವೋ ಎಂದು ನನ್ನ ಫೋನಿನಿಂದ ಕರೆ ಮಾಡಿ ನೋಡಿದಳು. ಅದು ರಿಂಗಾಯಿತು. "ರೀ, ನೀವು..." ಎಂದು ಅಭ್ಯಾಸಬಲದಿಂದ ಬಾಯಿಗೆ ಬಂದದ್ದನ್ನು ಅಲ್ಲೇ ನಿಲ್ಲಿಸಿದಳು. ನಗಬಹುದಿತ್ತು. ಇಬ್ಬರೂ ನಗಲಿಲ್ಲ.

ಒಂದು ಸಂಜೆ ಬಾಗಿಲು ಹಾಕುವಾಗ ಅಂದಳು, "ಮೇಲೆ ಪರದೆ ಅಂಗಡೀಲಿ ಕ್ಯಾಶಿಗೆ ಜನ ಬೇಕಂತೆ. ನನ್ನ ಬಾ ಅಂದ್ರು."

"ಇಲ್ಲಿ?"

"ಇಲ್ಲಿ ನಂಗೇನ್ ಕೆಲ್ಸ ಇದೆ ಹೇಳಿ. ಜನಕ್ಕೆ ನನ್ನ ಮಾತು ಬೇಡವಾಯ್ತು ಅನ್ಸುತ್ತೆ. ನಾನು ಜಾಸ್ತಿ ಮಾತಾಡ್ತೀನಿ ಅಂತ ನೀವು ಹೇಳ್ತಾನೇ ಇದ್ರಿ."

ಹೇಳುತ್ತಿದ್ದೆ. ಪುಟ ತೆಗೆಸಿದ್ದನ್ನು ಮಾತ್ರ ಆಗಲೂ ಹೇಳಲಿಲ್ಲ. ಬಾಯಿ ಬಿಡಬೇಕಾದಲ್ಲಿ ನಾನು ಮೌನಿ. ಬರುವ ಒಂದನೇ ತಾರೀಕಿನಿಂದ ಬರುತ್ತೇನೆಂದು ಅವಳು ಪರದೆ ಅಂಗಡಿಯ ಯಜಮಾನಿಗೆ ಮಾತು ಕೊಟ್ಟುಬಂದಳು.

ಆ ವಾರದಲ್ಲೇ ಒಂದು ಮಧ್ಯಾಹ್ನ ಫೋನು ರಿಂಗಾಯಿತು. ಹೆಂಡತಿ ಎಷ್ಟು ಬೇಗ ಎತ್ತಿದಳೆಂದರೆ ಮುಂದಿದ್ದ ಸೂಜಿ ಡಬ್ಬಿ ಉರುಳಿತು. ಆ ಕಡೆಯವರ ದನಿ ನನಗೂ ಕೇಳಿಸುವಷ್ಟು ದೊಡ್ಡದಿತ್ತು.

"ರೀ, ನನ್ನ ಬೆರಳಲ್ಲಿ ಸೂಜಿ ಮುರ್ಕೊಂಡಿದೆ! ಏನ್ ಮಾಡ್ಬೇಕು ಅಂತ ನಿಮ್ಮಲ್ಲಿದೆ ಅಂತ ನಮ್ಮ ಟೀಚರ್ ಲಿಂಕ್ ಕಳಿಸಿದ್ರು, ಒತ್ತಿದ್ರೆ ಯಾವನೋ ಕೈ ಕಟ್ಕೊಂಡು ನಿಂತಿದಾನೆ! ಅವನು ಗಡಿಯಾರ ಬಿಚ್ಚಿದ್ದು ಕಟ್ಕೊಂಡು ನಂಗೇನಾಗ್ಬೇಕು?"

ಹೆಂಡತಿ ನನ್ನ ಕಡೆ ನೋಡಲಿಲ್ಲ. "ಮೊದ್ಲು ಕಾಲು ತೆಗೀರಿ ಪೆಡಲ್‌ನಿಂದ. ತೆಗೆದ್ರಾ? ಪ್ಲಗ್ ಕೀಳಿ. ಚೂರನ್ನ ನೀವು ಕೀಳೋಕೆ ಹೋಗ್ಬೇಡಿ ತಾಯಿ. ಮನೇಲಿ ಯಾರಿದಾರೆ? ಅತ್ತೆನಾ? ಅವರಿಗೆ ಕೊಡಿ ಫೋನು." ಅತ್ತೆಗೂ ಧೈರ್ಯ ಹೇಳಿದಳು, ಆಟೋ ಕರೆಸಿದಳು, ಅವರು ಹೊರಟ ಸದ್ದು ಕೇಳಿಸುವವರೆಗೂ ಮಾತಾಡುತ್ತಲೇ ಇದ್ದಳು. ಎಲ್ಲವೂ ಅವಳಿಗೆ ಬಾಯಿಪಾಠವಾಗಿತ್ತು. ನನಗೆ ಅವಳ ಮೇಲೆ ಹೆಮ್ಮೆಯೂ ನನ್ನ ಮೇಲೆ ಹೇಸಿಗೆಯೂ ಒಟ್ಟಿಗೆ ಬಂದವು.

ಫೋನಿಟ್ಟು ಚೆಲ್ಲಿದ ಸೂಜಿಗಳನ್ನು ಆರಿಸುತ್ತ ಕೇಳಿದಳು. "ಆ ಪೇಜು ಎಲ್ಲಿ?"

"ತೆಗೆಸಿದೆ."

"ನಗ್ತಾರೆ ಅಂತಾನಾ?"

"ಹ್ಞೂಂ."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ನನಗೂ ಎರಡು ಮಾತು ತಿರುಗಿ ಹೇಳಿ ಹಗುರಾಗಬಹುದಿತ್ತು. ಅವಳು ಇಷ್ಟೇ ಅಂದಳು, "ಅದನ್ನ ಕೊನೇ ತನಕ ಓದಿದೀರಾ ನೀವು?"

ಅವಳು ಮನೆಗೆ ಹೋದ ಮೇಲೆ ಪುಟ್ಟಿಗೆ ಫೋನು ಮಾಡಿದೆ. "ಏ ಪುಟ್ಟಿ, ಆ ಪೇಜು ಅಳಿಸಿಹೋಯ್ತಾ?"

"ಅಳಿಸೋದಾ? ಪಕ್ಕಕ್ಕಿಟ್ಟಿದೀನಿ ಭಾವ. ನಿಮ್ಮನ್ನ ನಾನು ಇವತ್ತು ಹೊಸದಾಗಿ ನೋಡ್ತಿದೀನಾ?"

ಅವಳು ಕಳಿಸಿದಳು. ಮೂರ್ಛೆ ಹೋದಲ್ಲಿಂದ ಮುಂದಕ್ಕೆ ಓದಿದೆ. ಅಲ್ಲಿ ನನ್ನ ಹೆಂಡತಿ ಹೀಗೆ ಬರೆದಿದ್ದಳು.

"ಇಷ್ಟಕ್ಕೂ ಸೂಜಿ ಯಾಕೆ ಚುಚ್ಚಿತು ಎಂದರೆ, ಫೋನು ಬಂತು. ಇವರು ಕೆಲಸದಲ್ಲಿ ಜಾಣರು, ಆದರೆ ಫೋನು ಬಂದರೆ ಕೈ ಒಂದು ಕಡೆ, ಕಣ್ಣು ಒಂದು ಕಡೆ. ನಮ್ಮ ಮನೆ ನಡೆಯುವುದು ಆ ಹತ್ತು ಬೆರಳಿನಿಂದ. ಅದಕ್ಕೇ ನಾನು ಶಾಲೆಯ ಕೆಲಸ ಬಿಟ್ಟು ಅಂಗಡಿಗೆ ಬಂದು ಕೂತಿದ್ದೇನೆ. ಇನ್ನು ಮೇಲೆ ಇಲ್ಲಿ ಫೋನು ತೆಗೆಯುವುದು ನಾನೇ. ಆ ಕೆಲಸ ನನಗೆ ತುಂಬ ಇಷ್ಟವಿತ್ತು, ಇವರ ಬೆರಳು ಅದಕ್ಕಿಂತ ಇಷ್ಟ. ಎದುರಿಗೆ ಹೇಳಿದರೆ ಮುಖ ಊದಿಸಿಕೊಳ್ಳುತ್ತಾರೆ, ಅದಕ್ಕೆ ಇಲ್ಲಿ ಬರೆದೆ. ನಿಮ್ಮ ಮನೆಯಲ್ಲಿ ಹೊಲಿಯುವವರಿದ್ದರೆ ಅವರ ಫೋನನ್ನು ನೀವು ತೆಗೆಯಿರಿ."

ಊರವರೆಲ್ಲ ಓದಿದ್ದರು. ಎಲ್ಲೆಲ್ಲಿಯವರೋ ಓದಿ, ಲಿಂಕ್ ಹಾಕಿ, ತಮ್ಮವರಿಗೆ ಕಳಿಸಿದ್ದರು. ಓದದೇ ಇದ್ದವನು ನಾನೊಬ್ಬ. ಬೇಜಾರಾಗಿ ಬಂದಳು ಎಂದು ಎಷ್ಟು ಜನರ ಮುಂದೆ ಹೇಳಿದ್ದೆ! ಅವರೆಲ್ಲ ನನ್ನ ಎಡಗೈಯನ್ನು ನೋಡುತ್ತ ಮೆಲ್ಲಗೆ ನಗುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ನಾನು ಯಂತ್ರದ ಮುಂದೆ ಕೂತು ಅತ್ತೆ. ಕಿಟಕಿಯಾಚೆ ಚಪ್ಪಲಿಗಳು ಹೋಗುತ್ತಿದ್ದವು, ಯಾರೂ ಬಗ್ಗಿ ನೋಡಲಿಲ್ಲ, ನೆಲಮಾಳಿಗೆಯ ಒಂದು ಅನುಕೂಲ ಅದು.

ಅವತ್ತೇ ಪುಟ್ಟಿ ಪುಟವನ್ನು ಅದರ ಹಳೆಯ ವಿಳಾಸದಲ್ಲೇ ಮತ್ತೆ ಇಟ್ಟಳು. "ಆದ್ರೆ ಭಾವ, ಇಟ್ಟ ಕೂಡ್ಲೇ ಮೇಲೆ ಬರಲ್ಲ. ಬಂದೋರನ್ನ ಇಷ್ಟು ದಿನ ನಿಮ್ಮ ಫೋಟೋಗೆ ಕಳಿಸಿದೀವಿ. ಈ ಸೈಟು ಕೇಳಿದ್ದು ಕೊಡುತ್ತೆ ಅನ್ನೋ ನಂಬಿಕೆ ಹೋಗಿದೆ. ಅದು ವಾಪಸ್ ಬರೋವರ್ಗೂ ಕಾಯ್ಬೇಕು."

ಹೆಂಡತಿಗೆ ಹೇಳಿದೆ, ಪುಟ ವಾಪಸ್ ಹಾಕಿಸಿದ್ದೇನೆ, ಹೋಗಬೇಡ ಎಂದು. ಕೊನೆಯವರೆಗೆ ಓದಿದೆ ಎಂದೂ ಹೇಳಿದೆ. ಅವಳ ಮುಖ ಕೆಂಪಾಯಿತು. "ಓದಿದ್ರಾ, ಸರಿ" ಅಂದಳು. "ಆದ್ರೆ ಮಾತು ಕೊಟ್ಟಿದೀನಿ. ಫೋನೂ ಬರ್ತಿಲ್ವಲ್ಲ, ಬರೀ ಕೂತ್ಕೊಂಡು ನಾನೇನ್ ಮಾಡ್ಲಿ?" ಒಂದನೇ ತಾರೀಕು ಮೇಲಕ್ಕೆ ಹೋದಳು.

ನಾನು ಕೆಳಗೆ ಒಬ್ಬನೇ. ಅವಳು ಮೇಲೆ ನಡೆದಾಡಿದರೆ ನನಗೆ ತಿಳಿಯುತ್ತಿತ್ತು, ಆ ಹೆಜ್ಜೆ ನನಗೆ ಗೊತ್ತು. ಈಗ ನಾನು ಅಂಗಡಿಯ ಹೆಸರು ಹೊಡೆದು ಹುಡುಕುವುದನ್ನು ಬಿಟ್ಟೆ. "ಬೆರಳಿಗೆ ಸೂಜಿ ಚುಚ್ಚಿದರೆ ಏನು ಮಾಡಬೇಕು" ಎಂದು ಹೊಡೆಯುತ್ತಿದ್ದೆ. ಮೊದಮೊದಲು ಎಷ್ಟು ಕೆಳಗೆ ಹೋದರೂ ನಾವಿರಲಿಲ್ಲ. ಒಂದು ದಿನ ಎಲ್ಲೋ ತಳದಲ್ಲಿ ನನ್ನ ಅವಮಾನ ಕಣ್ಣಿಗೆ ಬಿತ್ತು. ಮಾರನೇ ವಾರ ಇನ್ನಷ್ಟು ಮೇಲೆ. ನನ್ನ ಮೂರ್ಛೆ ಮೆಟ್ಟಿಲು ಹತ್ತುವುದನ್ನು ನೋಡುತ್ತ ನಾನು ಹಿಗ್ಗುತ್ತಿದ್ದೆ. ಹೋದಲ್ಲೆಲ್ಲ ಬೆರಳು ಚಾಚಿ ತೋರಿಸಿ, ಆ ಪುಟ ಓದಿ, ನಾನೇ ಅದು ಎಂದು ಹೇಳಿಕೊಳ್ಳತೊಡಗಿದೆ. ಹಲ್ಲಿನ ಡಾಕ್ಟರಿಗೂ ಹೇಳಿದೆ. "ಒಳ್ಳೇದು, ಬಾಯಿ ತೆಗೀರಿ" ಅಂದರು.

ಆಮೇಲೆ ಫೋನು ಬರತೊಡಗಿತು. ಮೊದಲು ಆಗೊಂದು ಈಗೊಂದು. ನಾನೇ ತೆಗೆದೆ, ನಾನೇ ಮಾತಾಡಿದೆ, ನಾನೇ ಕೆಡಿಸಿದೆ. ಒಬ್ಬರಿಗೆ ದಾರ ಗೋಜಲಾದದ್ದಕ್ಕೆ ಯಂತ್ರದ ಇತಿಹಾಸ ಹೇಳಿದೆ, ಅವರು ಇಟ್ಟುಬಿಟ್ಟರು. ಒಂದು ಬೆಳಿಗ್ಗೆ ಯಂತ್ರ ಓಡಿಸಿ ನೋಡುತ್ತಿದ್ದೆ, ಫೋನು ಕಿರುಚಿತು, ನನ್ನ ಕಣ್ಣು ಆ ಕಡೆ ಹೋಯಿತು. ಸೂಜಿ ಅದೇ ಬೆರಳಿನ ಉಗುರನ್ನು ಸವರಿಕೊಂಡು ಬಟ್ಟೆಗೆ ಇಳಿಯಿತು. ರಕ್ತ ಬರಲಿಲ್ಲ. ಆದರೂ ನಾನು ಪ್ಲಗ್ ಕಿತ್ತು, ಫೋನನ್ನು ಹಾಗೇ ಬಿಟ್ಟು ಮೆಟ್ಟಿಲೇರಿದೆ.

ಪರದೆ ಅಂಗಡಿಯಲ್ಲಿ ಅವಳು ಕ್ಯಾಶಿನ ಮುಂದೆ ಕೂತಿದ್ದಳು. ಯಜಮಾನಿ ಬಟ್ಟೆ ಅಳೆಯುತ್ತಿದ್ದರು. ಗಿರಾಕಿಗಳಿದ್ದರು. ನನಗೆ ಏದುಸಿರು.

"ಫೋನು ಬರ್ತಿದೆ ಕಣೇ" ಅಂದೆ.

"ಬಂದ್ರೆ ತಗೊಳ್ಳಿ."

"ಹೊಲಿಯೋವಾಗ ಬರುತ್ತೆ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಎಡಗೈ ಹಿಡಿದು, ಬೆರಳನ್ನು ಬೆಳಕಿಗೆ ತಿರುಗಿಸಿ, ಉಗುರಿನ ಮೇಲಿದ್ದ ಹೊಸ ಗೀರನ್ನು ನೋಡಿದಳು. ಅಷ್ಟು ಜನರ ಮುಂದೆ ನಾನು ಕೈ ಕೊಟ್ಟು ನಿಂತೇ ಇದ್ದೆ. ಯಜಮಾನಿ ಅಳತೆ ಪಟ್ಟಿ ಕೆಳಗಿಟ್ಟು, "ಹೋಗಮ್ಮ, ಹೋಗು. ಮತ್ತೆ ಬಕೆಟ್ ಹಿಡ್ಕೊಂಡು ಇಳಿಯೋಕೆ ನಂಗೆ ಕಾಲು ನೋವು" ಅಂದರು.

ಹೆಂಡತಿ ಬೀಗದ ಕೈ ಅವರಿಗೊಪ್ಪಿಸಿ, ಚೀಲ ಹೆಗಲಿಗೇರಿಸಿ ನನ್ನ ಹಿಂದೆ ಇಳಿದು ಬಂದಳು. ಕುರ್ಚಿಯ ಧೂಳು ಸೆರಗಿನಿಂದ ಒರೆಸಿ ಕೂತಳು. ನಾನು ಯಂತ್ರದ ಪ್ಲಗ್ ಹಾಕಿದೆ. ಅಷ್ಟರಲ್ಲಿ ಫೋನು ಮತ್ತೆ ರಿಂಗಾಯಿತು.

"ರೀ, ನೀವು ಸೂಜಿ ನೋಡಿ" ಅಂದಳು.

ನಾನು ಸೂಜಿ ನೋಡಿದೆ. ಕಣ್ಣು ಮಂಜಾಗಿ ಸರಿಯಾಗಿ ಕಾಣಲಿಲ್ಲ, ಅದಕ್ಕೆ ಯಂತ್ರ ಓಡಿಸಲಿಲ್ಲ.